ಸ್ವಂತ ಚರ್ಮದ ಇನ್ಸುಲಿನ್ ಯಾರಿಗೆ ಒದಗೀತು?

ನಮ್ಮ ಮುಂಗೈಯ ಚರ್ಮದ ಒಳಪದರದಿಂದ ಯಾವುದೇ ಒಂದು ಜೀವಕೋಶವನ್ನು ತೆಗೆದು ನೋಡಿದರೂ ಅದರ 11ನೆಯ ವರ್ಣತಂತುವಿನಲ್ಲಿ ಇನ್ಸುಲಿನ್ ತಯಾರಿಕೆಯ ವಂಶವಾಹಿ ಇದ್ದೇ ಇರುತ್ತದೆ. ಮೇದೋಜೀರಕ ಗ್ರಂಥಿಯ ಬೀಟಾ ಕೋಶದಲ್ಲಿರುವುದೂ ಅದೇ ವಂಶವಾಹಿ. ಬೀಟಾ ಕೋಶದಲ್ಲಿ ಆ ಭಾಗ ತೆರೆದುಕೊಂಡು ಕೆಲಸ ಮಾಡುತ್ತಿರುತ್ತದೆ, ಚರ್ಮದ ಕೋಶದಲ್ಲಿ ಬಿಗಿಯಾಗಿ ಸುತ್ತಿಕೊಂಡು ಮುಚ್ಚಿರುತ್ತದೆ, ಅಷ್ಟೇ ವ್ಯತ್ಯಾಸ. ಚರ್ಮದ ಕೋಶವನ್ನು ಇನ್ಸುಲಿನ್ ಸ್ರವಿಸುವ ಕೋಶವನ್ನಾಗಿ ಪರಿವರ್ತಿಸುವ ಪ್ರಯತ್ನಗಳೆಲ್ಲ ಹೊರಟದ್ದು ಈ ಒಂದು ಸಂಗತಿಯಿಂದ. ಇನ್ಸುಲಿನ್ನಿನ ಸೂತ್ರವನ್ನು ಹೊರಗಿನಿಂದ ತಂದು ತುಂಬಬೇಕಾಗಿಲ್ಲ, ಒಳಗಿರುವುದನ್ನು ತೆರೆಸಬೇಕು.

ನನ್ನ ಅಕ್ಕನ ಮಗಳಿಗೆ ಟೈಪ್ 1 ಮಧುಮೇಹ. ಶಾಲೆಗೆ ಹೋಗುವ ವಯಸ್ಸಿನಲ್ಲಿ ಬಂದದ್ದು, ಈಗ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಹಾಗಾಗಿ ಚರ್ಮದಿಂದ ಇನ್ಸುಲಿನ್ ತಯಾರಾಯಿತು, ಸಕ್ಕರೆ ಕಾಯಿಲೆಗೆ ಶಾಶ್ವತ ಪರಿಹಾರ ಸಿಕ್ಕಿತು ಎಂಬ ಸುದ್ದಿ ಎಲ್ಲಿ ಬಂದರೂ ಅದು ತಪ್ಪದೆ ನಮ್ಮ ಮನೆಯ ವಾಟ್ಸಾಪ್ ಗುಂಪಿಗೆ ಬಂದು ಬೀಳುತ್ತದೆ. ಅವುಗಳಲ್ಲಿ ಹೆಚ್ಚಿನವು ಸುಳ್ಳು ಸುದ್ದಿಗಳಲ್ಲ, ಹಿಂದೆ ಒಂದು ನಿಜವಾದ ಸಂಶೋಧನೆ ಇದ್ದೇ ಇರುತ್ತದೆ. ಆದರೆ ಸುದ್ದಿ ಬರೆಯುವವರು ಕೋಶ ತಯಾರಾದಲ್ಲಿಗೆ ಮಾತು ಮುಗಿಸಿಬಿಡುತ್ತಾರೆ. ಆ ಕೋಶವನ್ನು ಯಾರ ಮೈಯೊಳಗೆ ಇಡುತ್ತಾರೆ, ಅಲ್ಲಿ ಅದನ್ನು ಬದುಕಲು ಬಿಡುವವರು ಯಾರು ಎಂದು ಕೇಳತೊಡಗಿದರೆ ಲೆಕ್ಕವೇ ಬೇರೆಯಾಗುತ್ತದೆ.

ಬೀಟಾ ಕೋಶ ಮಾಡುವ ಕೆಲಸವನ್ನು ಮೊದಲು ನೋಡಬೇಕು. ಆರೋಗ್ಯವಂತರ ಮೇದೋಜೀರಕ ಗ್ರಂಥಿಯಲ್ಲಿ ಸುಮಾರು ಹತ್ತು ಲಕ್ಷ ಕೋಶಗುಚ್ಛಗಳು ಹರಡಿಕೊಂಡಿರುತ್ತವೆ. 1869ರಲ್ಲಿ ಬರ್ಲಿನ್ನಿನ ವಿದ್ಯಾರ್ಥಿ ಪಾಲ್ ಲ್ಯಾಂಗರ್‌ಹಾನ್ಸ್ ತನ್ನ ಪ್ರಬಂಧದಲ್ಲಿ ಇವುಗಳನ್ನು ವರ್ಣಿಸಿದ್ದರಿಂದ ಲ್ಯಾಂಗರ್‌ಹಾನ್ಸ್ ದ್ವೀಪಗಳು ಎಂಬ ಹೆಸರು ಬಂತು. ಎಲ್ಲವನ್ನೂ ಒಟ್ಟುಗೂಡಿಸಿದರೂ ತೂಕ ಒಂದೆರಡು ಗ್ರಾಂ ಆದೀತು. ದ್ವೀಪದೊಳಗಿನ ಬೀಟಾ ಕೋಶ ರಕ್ತದ ಗ್ಲೂಕೋಸನ್ನು ಒಳಗೆ ಬಿಟ್ಟುಕೊಂಡು ಉರಿಸುತ್ತದೆ. ಆಗ ಹುಟ್ಟುವ ಎಟಿಪಿ ಎಂಬ ಶಕ್ತಿಯ ಅಣು ಕೋಶದ ಪೊರೆಯಲ್ಲಿರುವ ಪೊಟ್ಯಾಸಿಯಂ ದ್ವಾರಗಳನ್ನು ಮುಚ್ಚಿಸುತ್ತದೆ, ಅದರಿಂದ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಮೊದಲೇ ತಯಾರಾಗಿ ಕಾದಿರುವ ಇನ್ಸುಲಿನ್ ಕಣಗಳು ಹೊರಬೀಳುತ್ತವೆ. ಗ್ಲೂಕೋಸ್ ಇಳಿಯುತ್ತಿದ್ದಂತೆ ದ್ವಾರಗಳು ಮತ್ತೆ ತೆರೆದು ಸ್ರಾವ ತಗ್ಗುತ್ತದೆ. ಎಷ್ಟು ಬೇಕು ಎಂದು ಅಳೆಯುವುದು, ಅಷ್ಟನ್ನೇ ಕೊಡುವುದು, ಸಾಕಾದಾಗ ನಿಲ್ಲಿಸುವುದು, ಈ ಮೂರೂ ಒಂದೇ ಕೋಶದ ಕೆಲಸ.

ನಮ್ಮ ಹುಡುಗಿ ಇದನ್ನೆಲ್ಲ ಕಣ್ಣಂದಾಜಿನಲ್ಲಿ ಮಾಡುತ್ತಾಳೆ. ಮೆಸ್ಸಿನ ತಟ್ಟೆಗೆ ಬಿದ್ದ ಅನ್ನದ ಗಾತ್ರ ನೋಡಿ, ಸಾರಿನ ಜೊತೆಗೆ ಅಂದು ಸಿಹಿ ಇದೆಯೇ ಎಂದು ವಿಚಾರಿಸಿ, ಪೆನ್ನಿನ ತುದಿಯನ್ನು ಟಕಟಕ ತಿರುಗಿಸಿ ಯೂನಿಟ್ ಇಟ್ಟುಕೊಂಡು ಹೊಟ್ಟೆಗೆ ಚುಚ್ಚಿಕೊಳ್ಳುತ್ತಾಳೆ. ಹಾಗೆ ಒಮ್ಮೆ ಒಳಗೆ ಹೋದ ಇನ್ಸುಲಿನ್ನನ್ನು ವಾಪಸು ಪಡೆಯಲು ಬರುವುದಿಲ್ಲ. ಮೆಟ್ಟಿಲು ಹತ್ತಿದ್ದು ಹೆಚ್ಚಾಯಿತೆಂದರೆ, ಊಟ ಅರ್ಧಕ್ಕೆ ನಿಂತಿತೆಂದರೆ ಸಕ್ಕರೆ ಕುಸಿಯುತ್ತದೆ, ಕೈ ನಡುಗುತ್ತದೆ, ಬ್ಯಾಗಿನಲ್ಲಿ ಗ್ಲೂಕೋಸ್ ಪುಡಿ ಇರಲೇಬೇಕು. 1922ರ ಜನವರಿಯಲ್ಲಿ ಟೊರಾಂಟೋದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14ರ ಹುಡುಗನಿಗೆ ಮೊದಲ ಇನ್ಸುಲಿನ್ ಚುಚ್ಚುಮದ್ದು ಕೊಟ್ಟಂದಿನಿಂದ ಔಷಧಿ ಬಹಳ ಸುಧಾರಿಸಿದೆ. ಈಗ ಸೆನ್ಸರುಗಳೂ ಪಂಪುಗಳೂ ಇವೆ. ಆದರೂ ಅಳೆಯುವ ಹೊಣೆ ಬಹುಪಾಲು ರೋಗಿಯ ಮೇಲೆಯೇ ಇದೆ. ಬೇಕಾಗಿರುವುದು ಆ ಹೊಣೆಯನ್ನು ತಾನೇ ಹೊತ್ತುಕೊಳ್ಳುವ ಜೀವಂತ ಕೋಶ.

ಚರ್ಮದ ಕೋಶವನ್ನು ಅಂಥ ಕೋಶವನ್ನಾಗಿ ಮಾಡುವ ದಾರಿ ತೆರೆದದ್ದು ಜಪಾನಿನ ಕ್ಯೋಟೋದಲ್ಲಿ. ಶಿನ್ಯಾ ಯಮನಾಕ ಅವರ ತಂಡ 2006ರಲ್ಲಿ ಇಲಿಯ, 2007ರಲ್ಲಿ ಮನುಷ್ಯರ ಚರ್ಮದ ಫೈಬ್ರೋಬ್ಲಾಸ್ಟ್ ಕೋಶಗಳಿಗೆ ಕೇವಲ ನಾಲ್ಕು ವಂಶವಾಹಿಗಳನ್ನು ಸೇರಿಸಿ ಅವನ್ನು ಭ್ರೂಣದ ಆರಂಭದ ಸ್ಥಿತಿಯಂಥ ಸ್ಥಿತಿಗೆ ಹಿಂದಿರುಗಿಸಿತು. ಹೆಪ್ಪಾದ ಮೊಸರನ್ನು ಮತ್ತೆ ಹಾಲು ಮಾಡಿದಂಥ ಕೆಲಸ ಅದು. ಹಾಗೆ ಹಿಂದಿರುಗಿದ ಕೋಶಕ್ಕೆ ಐಪಿಎಸ್ ಕೋಶ ಎನ್ನುತ್ತಾರೆ. ತಕ್ಕ ಸೂಚನೆಗಳನ್ನು ಕೊಟ್ಟರೆ ಅದು ನರಕೋಶವೂ ಆದೀತು, ಹೃದಯದ ಕೋಶವೂ ಆದೀತು, ಬೀಟಾ ಕೋಶವೂ ಆದೀತು. ಕಪ್ಪೆಯ ಕೋಶಕೇಂದ್ರಗಳ ಮೇಲೆ ಹಿಂದೆಯೇ ಕೆಲಸ ಮಾಡಿದ್ದ ಜಾನ್ ಗರ್ಡನ್ ಅವರೊಂದಿಗೆ ಯಮನಾಕ ಅವರಿಗೆ 2012ರ ನೊಬೆಲ್ ಬಂತು.

2008ರಲ್ಲೇ ಅಮೆರಿಕದ ನಾರ್ತ್ ಕ್ಯಾರೊಲಿನಾ ವಿಶ್ವವಿದ್ಯಾಲಯದ ತಂಡವೊಂದು ಮನುಷ್ಯರ ಚರ್ಮದ ಕೋಶಗಳಿಂದ ಐಪಿಎಸ್ ಕೋಶಗಳನ್ನು, ಅವುಗಳಿಂದ ಇನ್ಸುಲಿನ್ ಸ್ರವಿಸುವ ಗುಚ್ಛಗಳನ್ನು ಬೆಳೆಸಿ ತೋರಿಸಿತು. ಪತ್ರಿಕೆಗಳ ಮಟ್ಟಿಗೆ ಕೆಲಸ ಅಂದೇ ಮುಗಿದಂತಿತ್ತು. ಆದರೆ ಇನ್ಸುಲಿನ್ ಸ್ರವಿಸುವುದು ಬೇರೆ, ಗ್ಲೂಕೋಸನ್ನು ನೋಡಿಕೊಂಡು ಹಿತಮಿತವಾಗಿ ಸ್ರವಿಸುವುದು ಬೇರೆ. ಗರ್ಭದಲ್ಲಿ ಮೇದೋಜೀರಕ ಗ್ರಂಥಿ ರೂಪುಗೊಳ್ಳುವ ಹಂತಗಳನ್ನೆಲ್ಲ ಗಾಜಿನ ಪಾತ್ರೆಯಲ್ಲಿ ಅದೇ ಕ್ರಮದಲ್ಲಿ ದಾಟಿಸಬೇಕು: ಮೊದಲು ಎಂಡೋಡರ್ಮ್ ಎಂಬ ಒಳಪದರ, ಆಮೇಲೆ ಕರುಳಿನ ಆದಿರೂಪ, ಅದರ ಒಂದು ಭಾಗದಲ್ಲಿ ಮೇದೋಜೀರಕದ ಪೂರ್ವಕೋಶ, ಕೊನೆಗೆ ಬೀಟಾ. ಪ್ರತಿ ಹಂತಕ್ಕೂ ಬೇರೆ ಬೇರೆ ಪ್ರೋಟೀನುಗಳನ್ನೂ ರಾಸಾಯನಿಕಗಳನ್ನೂ ಗೊತ್ತಾದ ದಿನ, ಗೊತ್ತಾದ ಪ್ರಮಾಣದಲ್ಲಿ ಹಾಕಿ ತೆಗೆಯಬೇಕು. ವಾರಗಟ್ಟಲೆ ನಡೆಯುವ ಈ ಕ್ರಮದಲ್ಲಿ ಒಂದು ಹೆಜ್ಜೆ ಹೆಚ್ಚುಕಡಿಮೆಯಾದರೂ ಇನ್ಸುಲಿನ್ನನ್ನೂ, ಅದಕ್ಕೆ ವಿರುದ್ಧವಾಗಿ ಸಕ್ಕರೆಯನ್ನು ಏರಿಸುವ ಗ್ಲೂಕಗಾನನ್ನೂ ಒಟ್ಟಿಗೆ ಸ್ರವಿಸುವ ಎಡಬಿಡಂಗಿ ಕೋಶಗಳು ಹುಟ್ಟುತ್ತವೆ. ಆರಂಭದ ವರ್ಷಗಳ ಫಸಲಿನಲ್ಲಿ ಅಂಥವೇ ಬಹಳ ಇದ್ದವು.

ಈ ಕ್ರಮ ಸರಿಹೋಗಲು 2014ರವರೆಗೆ ಕಾಯಬೇಕಾಯಿತು. ಆ ವರ್ಷ ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಅವರ ಪ್ರಯೋಗಾಲಯವೂ, ಟಿಮೊಥಿ ಕೀಫರ್ ಅವರನ್ನು ಒಳಗೊಂಡಿದ್ದ ಇನ್ನೊಂದು ತಂಡವೂ ಬೀಟಾ ಕೋಶವನ್ನು ಬಹುಮಟ್ಟಿಗೆ ಹೋಲುವ ಕೋಶಗಳನ್ನು ದೊಡ್ಡ ಸಂಖ್ಯೆಯಲ್ಲಿ ತಯಾರಿಸುವ ವಿಧಾನಗಳನ್ನು ಪ್ರಕಟಿಸಿದವು. ಮೆಲ್ಟನ್ ಮೊದಲು ಕಪ್ಪೆಯ ಭ್ರೂಣದ ಬೆಳವಣಿಗೆಯನ್ನು ಅಭ್ಯಾಸ ಮಾಡುತ್ತಿದ್ದವರು. ಮಗ ಸ್ಯಾಮ್‌ಗೆ ಹಸುಳೆಯಾಗಿದ್ದಾಗಲೇ ಟೈಪ್ 1 ಮಧುಮೇಹ ಬಂತೆಂದು ತಮ್ಮ ಇಡೀ ಪ್ರಯೋಗಾಲಯವನ್ನು ಈ ಕಡೆಗೆ ತಿರುಗಿಸಿದರು. ಮುಂದೆ ಮಗಳು ಎಮ್ಮಾಳಿಗೂ ಅದೇ ಕಾಯಿಲೆ ಬಂತು. ಈ ಕೋಶಗಳನ್ನು ಔಷಧಿಯಾಗಿಸಲು ಅವರು ಕಟ್ಟಿದ ಕಂಪನಿಯ ಹೆಸರು ಸೆಮ್ಮಾ, ಇಬ್ಬರು ಮಕ್ಕಳ ಹೆಸರನ್ನೂ ಕೂಡಿಸಿದ್ದು. ಅದನ್ನು 2019ರಲ್ಲಿ ವರ್ಟೆಕ್ಸ್ ಎಂಬ ಔಷಧ ಕಂಪನಿ 95 ಕೋಟಿ ಡಾಲರಿಗೆ ಕೊಂಡುಕೊಂಡಿತು.

ಭ್ರೂಣದ ಸ್ಥಿತಿಯವರೆಗೆ ಪೂರ್ತಿ ಹಿಂದಕ್ಕೆ ಹೋಗದೆ, ಅರ್ಧದಾರಿಯಿಂದಲೇ ತಿರುಗಿ ಬರುವ ಒಳದಾರಿಯೂ ಒಂದಿದೆ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಶೆಂಗ್ ಡಿಂಗ್ ಮತ್ತು ಸಂಗಡಿಗರು 2016ರಲ್ಲಿ ಮನುಷ್ಯರ ಚರ್ಮದ ಕೋಶವನ್ನು ನೇರವಾಗಿ ಎಂಡೋಡರ್ಮಿನ ಪೂರ್ವಕೋಶವನ್ನಾಗಿಸಿ ಅಲ್ಲಿಂದ ಬೀಟಾ ಕೋಶಕ್ಕೆ ಸಾಗಿಸಿದರು. ಆ ಕೋಶಗಳು ಇಲಿಗಳನ್ನು ಮಧುಮೇಹದಿಂದ ಕಾಪಾಡಿದವು. ಯಾವ ಅಂಗವಾದರೂ ಆಗಬಲ್ಲ ಕೋಶ ಅಷ್ಟಿಷ್ಟು ಉಳಿದುಹೋದರೆ ಗಡ್ಡೆ ಕಟ್ಟುವ ಭಯವಿರುತ್ತದೆ. ಆ ಸ್ಥಿತಿಗೇ ಹೋಗದಿದ್ದರೆ ಭಯ ಕಡಿಮೆ ಎಂಬುದು ಈ ದಾರಿಯ ಆಕರ್ಷಣೆ. ಆದರೆ ಮನುಷ್ಯರವರೆಗೆ ಬಂದು ಫಲ ತೋರಿಸಿದ ಪ್ರಯೋಗಗಳು ಸುತ್ತುದಾರಿಯವೇ.

ಕಳೆದ ರಜೆಯಲ್ಲಿ ಇದನ್ನೆಲ್ಲ ವಿವರಿಸುತ್ತ ಕುಳಿತಿದ್ದಾಗ ಹುಡುಗಿ ಕೇಳಿದಳು: "ಅಲ್ಲ ಮಾಮ, ನನ್ನ ಚರ್ಮದಿಂದ್ಲೇ ಮಾಡಿದ್ರೂ ಅದು ಬೀಟಾ ಕೋಶಾನೇ ತಾನೆ? ಮೊದಲಿದ್ದ ಬೀಟಾ ಕೋಶಾನೂ ನನ್ನದೇ ಆಗಿತ್ತಲ್ಲ, ಅದನ್ನ ಉಳಿಸಿತಾ?"

ಇದಕ್ಕಿಂತ ನೇರವಾದ ಪ್ರಶ್ನೆಯನ್ನು ಈ ವಿಷಯದಲ್ಲಿ ಕೇಳಲು ಸಾಧ್ಯವಿಲ್ಲ. ಟೈಪ್ 1 ಮಧುಮೇಹದಲ್ಲಿ ಬೀಟಾ ಕೋಶಗಳನ್ನು ಕೊಲ್ಲುವುದು ರೋಗಿಯ ಸ್ವಂತ ರೋಗನಿರೋಧಕ ವ್ಯವಸ್ಥೆ. ಪರರ ಅಂಗವನ್ನು ಕಸಿ ಮಾಡಿದಾಗ ದೇಹ ಅದನ್ನು ತಿರಸ್ಕರಿಸುವುದು ಒಂದು ಬಗೆಯ ದಾಳಿಯಾದರೆ, ತನ್ನದೇ ಬೀಟಾ ಕೋಶವನ್ನು ಗುರುತು ಹಿಡಿದು ಕೊಲ್ಲುವುದು ಇನ್ನೊಂದು ಬಗೆಯದು. ಸ್ವಂತ ಚರ್ಮದಿಂದ ಮಾಡಿದ ಕೋಶ ಮೊದಲನೆಯದರಿಂದ ಪಾರಾದೀತು, ಎರಡನೆಯದರಿಂದ ಅಲ್ಲ.

ಇದು ಬರೀ ತರ್ಕವಲ್ಲ, ನಡೆದು ಹೋದ ಪ್ರಯೋಗ. 1980ರ ದಶಕದಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಸದರ್‌ಲ್ಯಾಂಡ್ ಮತ್ತು ಸಹೋದ್ಯೋಗಿಗಳು ಟೈಪ್ 1 ಮಧುಮೇಹಿಗಳಿಗೆ ಅವರ ಏಕರೂಪ ಅವಳಿಗಳಿಂದ ಮೇದೋಜೀರಕ ಗ್ರಂಥಿಯ ಒಂದು ಭಾಗವನ್ನು ತೆಗೆದು ಕಸಿ ಮಾಡಿದರು. ಏಕರೂಪ ಅವಳಿಯ ಅಂಗವೆಂದರೆ ವಂಶವಾಹಿಗಳ ದೃಷ್ಟಿಯಿಂದ ಸ್ವಂತ ಅಂಗವೇ. ತಿರಸ್ಕಾರದ ಪ್ರಶ್ನೆಯಿಲ್ಲವೆಂದು ಮೊದಲ ಕೆಲವರಿಗೆ ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿಗಳನ್ನು ಕೊಡಲಿಲ್ಲ. ಕಸಿಯಾದ ಭಾಗ ಚೆನ್ನಾಗಿಯೇ ಕೂಡಿಕೊಂಡಿತು, ಇನ್ಸುಲಿನ್ ಸ್ರವಿಸಿತು. ಆದರೆ ಕೆಲವೇ ವಾರಗಳಲ್ಲಿ ಮಧುಮೇಹ ಮರಳಿತು. ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗ್ರಂಥಿಯ ಉಳಿದ ಭಾಗ ಕುಶಲವಾಗಿದ್ದು, ಬಿಳಿ ರಕ್ತಕಣಗಳು ದ್ವೀಪಗಳನ್ನಷ್ಟೇ ಮುತ್ತಿಕೊಂಡಿದ್ದವು. ಅನೇಕ ವರ್ಷಗಳ ಹಿಂದೆ ತನ್ನ ಬೀಟಾ ಕೋಶಗಳನ್ನು ಮುಗಿಸಿದ್ದ ದೇಹಕ್ಕೆ ಅವುಗಳ ಗುರುತು ಮರೆತಿರಲಿಲ್ಲ.

ಈ ಫಲಿತಾಂಶ ತಿಳಿದಿದ್ದರೆ, ಈಚಿನ ವರ್ಷಗಳ ಸುದ್ದಿಗಳನ್ನು ಓದುವ ರೀತಿಯೇ ಬದಲಾಗುತ್ತದೆ. 2025ರ ಜೂನಿನಲ್ಲಿ ಪ್ರಕಟವಾದ ವರ್ಟೆಕ್ಸ್ ಕಂಪನಿಯ ಜಿಮಿಸ್ಲೆಸೆಲ್ ಚಿಕಿತ್ಸೆಯನ್ನೇ ನೋಡಿ. ಪೂರ್ತಿ ಪ್ರಮಾಣ ಪಡೆದು ಒಂದು ವರ್ಷ ಪೂರೈಸಿದ 12 ಜನರಲ್ಲಿ 10 ಜನರಿಗೆ ಹೊರಗಿನ ಇನ್ಸುಲಿನ್ ಬೇಕಾಗಲಿಲ್ಲ. ಪ್ರಜ್ಞೆ ತಪ್ಪಿಸುವಂತೆ ಸಕ್ಕರೆ ಕುಸಿಯುತ್ತಿದ್ದ ರೋಗಿಗಳು ಇವರು, ಅದೂ ನಿಂತಿತು. ಅಸಾಮಾನ್ಯ ಸಾಧನೆ, ಸಂಶಯವಿಲ್ಲ. ಆದರೆ ಆ ಕೋಶಗಳು ರೋಗಿಗಳ ಚರ್ಮದಿಂದ ಬಂದವಲ್ಲ, ಭ್ರೂಣದ ಆಕರ ಕೋಶಗಳಿಂದ, ಅಂದರೆ ಸ್ಟೆಮ್ ಸೆಲ್‌ಗಳಿಂದ ಬಂದವು. ಯಕೃತ್ತಿಗೆ ಹೋಗುವ ರಕ್ತನಾಳದ ಮೂಲಕ ಅವನ್ನು ಒಳಗೆ ಬಿಡುತ್ತಾರೆ, ರೋಗನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿಗಳನ್ನು ಜೊತೆಗೆ ಮುಂದುವರಿಸಬೇಕು. ಆ ಪ್ರಯೋಗದಲ್ಲಿ ಇಬ್ಬರು ತೀರಿಕೊಂಡರು, ಅವರಲ್ಲಿ ಒಬ್ಬರು ಮೆದುಳಿನ ಪೊರೆಗೆ ತಗುಲಿದ ಶಿಲೀಂಧ್ರ ಸೋಂಕಿನಿಂದ. ಇಂಥ ಸೋಂಕು ನಿರೋಧಕ ಶಕ್ತಿ ಕುಗ್ಗಿದವರನ್ನೇ ಹುಡುಕಿಕೊಂಡು ಬರುತ್ತದೆ. ಪೆನ್ನು ಹಿಡಿದು ಹೇಗೋ ನಿಭಾಯಿಸುತ್ತಿರುವ ಹತ್ತೊಂಬತ್ತರ ಹುಡುಗಿಗೆ ಈ ವಿನಿಮಯ ಲಾಭದ್ದೆಂದು ನನಗೆ ತೋರುವುದಿಲ್ಲ. ಸಕ್ಕರೆ ಯಾವಾಗ ಕುಸಿದೀತೆಂಬುದೇ ತಿಳಿಯದೆ ಮತ್ತೆ ಮತ್ತೆ ಆಸ್ಪತ್ರೆ ಸೇರುವವರಿಗೆ ಲಾಭದ್ದೇ ಇರಬಹುದು.

ಹೀಗೆ ಕಸಿಯಾದ ಕೋಶ ಬದುಕಿದೆಯೇ ಎಂದು ವೈದ್ಯರು ತಿಳಿಯುವ ಉಪಾಯ ನನಗೆ ಬಹಳ ಹಿಡಿಸಿದ್ದು. ಬೀಟಾ ಕೋಶ ಇನ್ಸುಲಿನ್ನನ್ನು ಮೊದಲು ಉದ್ದನೆಯ ಸರಪಳಿಯಾಗಿ ಕಟ್ಟಿ, ನಡುವಿನ ತುಂಡನ್ನು ಕತ್ತರಿಸಿ ತೆಗೆದು, ಇನ್ಸುಲಿನ್ ಮತ್ತು ಆ ತುಂಡು ಎರಡನ್ನೂ ಸಮಸಮನಾಗಿ ರಕ್ತಕ್ಕೆ ಬಿಡುತ್ತದೆ. ಸಿ-ಪೆಪ್ಟೈಡ್ ಎಂಬ ಆ ತುಂಡು ಚುಚ್ಚುಮದ್ದಿನ ಇನ್ಸುಲಿನ್ನಿನಲ್ಲಿ ಇರುವುದಿಲ್ಲ. ಆದ್ದರಿಂದ ರಕ್ತದಲ್ಲಿ ಸಿ-ಪೆಪ್ಟೈಡ್ ಕಂಡಿತೆಂದರೆ ಒಳಗೆ ಎಲ್ಲೋ ಒಂದು ಬೀಟಾ ಕೋಶ ದುಡಿಯುತ್ತಿದೆ ಎಂದೇ ಅರ್ಥ. ಇಂಥ ಚಿಕಿತ್ಸೆಗಳ ವರದಿಯಲ್ಲಿ ನಾನು ಮೊದಲು ಹುಡುಕುವುದು ಈ ಅಂಕಿಯನ್ನು, ಎರಡನೆಯದಾಗಿ ರೋಗಿ ಸೇವಿಸುತ್ತಿರುವ ಇತರ ಔಷಧಿಗಳ ಪಟ್ಟಿಯನ್ನು.

ಚೀನಾದ ಟಿಯಾಂಜಿನ್ ನಗರದ ಪ್ರಕರಣದಲ್ಲಿ ಈ ಎರಡನೆಯ ಪಟ್ಟಿಯೇ ಮುಖ್ಯ. 25 ವರ್ಷದ ಯುವತಿಯೊಬ್ಬರಿಗೆ ಅವರ ಸ್ವಂತ ಕೋಶಗಳಿಂದಲೇ ಬೆಳೆಸಿದ ದ್ವೀಪಗಳನ್ನು 2023ರಲ್ಲಿ ಕಸಿ ಮಾಡಲಾಯಿತು. ಮೂಲ ಕೋಶ ಚರ್ಮದ್ದಲ್ಲ, ಕೊಬ್ಬಿನ ಅಂಗಾಂಶದ್ದು. ಅದನ್ನು ಹಿಂದಿರುಗಿಸಿದ್ದೂ ವಂಶವಾಹಿಗಳಿಂದಲ್ಲ, ಬೀಜಿಂಗಿನ ಡೆಂಗ್ ಹಾಂಗ್‌ಕುಯಿ ಅವರ ತಂಡ ರೂಢಿಸಿದ ರಾಸಾಯನಿಕಗಳಿಂದ. ದ್ವೀಪಗಳನ್ನು ಯಕೃತ್ತಿನಲ್ಲಿಡದೆ ಹೊಟ್ಟೆಯ ಸ್ನಾಯುವಿನ ಹೊದಿಕೆಯ ಕೆಳಗಿಟ್ಟರು. ಅಲ್ಲಾದರೆ ಎಂಆರ್‌ಐ ಯಂತ್ರದಲ್ಲಿ ಆಗಾಗ ನೋಡಬಹುದು, ಗಡ್ಡೆಯ ಸುಳಿವು ಕಂಡರೆ ತೆಗೆದುಹಾಕಬಹುದು. 75 ದಿನಗಳ ಬಳಿಕ ಅವರಿಗೆ ಇನ್ಸುಲಿನ್ ಚುಚ್ಚಿಕೊಳ್ಳುವುದು ಬೇಕಾಗಲಿಲ್ಲ, ಒಂದು ವರ್ಷದ ವರದಿಯಲ್ಲೂ ಅದೇ ಸ್ಥಿತಿ. ಇಷ್ಟು ಎಲ್ಲ ಕಡೆ ಬಂತು. ಬಹಳಷ್ಟು ಸುದ್ದಿಗಳಲ್ಲಿ ಬಾರದೆ ಹೋದದ್ದೆಂದರೆ, ಆಕೆ ಹಿಂದೆಯೇ ಯಕೃತ್ತಿನ ಕಸಿ ಮಾಡಿಸಿಕೊಂಡಿದ್ದು ನಿರೋಧಕ ಶಕ್ತಿಯನ್ನು ಅಡಗಿಸುವ ಔಷಧಿಗಳನ್ನು ಮೊದಲಿನಿಂದಲೂ ಸೇವಿಸುತ್ತಿದ್ದರು ಎಂಬುದು. ಸ್ವಂತ ಕೋಶಗಳು ಆ ಔಷಧಿಗಳಿಲ್ಲದೆ ಉಳಿಯುತ್ತಿದ್ದವೇ ಎಂಬುದಕ್ಕೆ ಈ ಒಂದು ಪ್ರಕರಣದಿಂದ ಉತ್ತರ ಸಿಗುವುದಿಲ್ಲ.

ಹಾಗಾದರೆ ಔಷಧಿ ಬೇಡದ ದಾರಿ? ಸ್ವೀಡನ್ನಿನ ಉಪ್ಸಾಲಾದಲ್ಲಿ ಮಾಡಿದ್ದು ಅದರ ಪ್ರಯತ್ನ, ವರದಿ ಬಂದದ್ದು 2025ರ ಆಗಸ್ಟಿನಲ್ಲಿ. ಮೃತ ದಾನಿಯೊಬ್ಬರ ದ್ವೀಪಕೋಶಗಳಲ್ಲಿ ಪರಕೀಯ ಎಂಬ ಗುರುತು ಕೊಡುವ ಎರಡು ವಂಶವಾಹಿಗಳನ್ನು, ವಂಶವಾಹಿ ತಿದ್ದುವ ಕ್ರಿಸ್ಪರ್ ಎಂಬ ತಂತ್ರದಿಂದ ಕೆಡಿಸಿ, ದಾಳಿಯನ್ನು ತಡೆಯುವ ಸಿಡಿ47 ಎಂಬ ಪ್ರೋಟೀನನ್ನು ಹೆಚ್ಚಿಸಿ, 42 ವರ್ಷದ ರೋಗಿಯೊಬ್ಬರ ಮುಂಗೈಯ ಸ್ನಾಯುವಿಗೆ ಸೇರಿಸಿದರು. ನಿರೋಧಕ ಶಕ್ತಿಯನ್ನು ಅಡಗಿಸುವ ಒಂದು ಮಾತ್ರೆಯನ್ನೂ ಕೊಡಲಿಲ್ಲ. 12 ವಾರಗಳಾದ ಮೇಲೂ ಸಿ-ಪೆಪ್ಟೈಡ್ ಕಾಣುತ್ತಿತ್ತು. ಹಾಕಿದ ಪ್ರಮಾಣ ತೀರಾ ಸಣ್ಣದಾದ್ದರಿಂದ ಅವರಿಗೆ ಇನ್ಸುಲಿನ್ ತಪ್ಪಲಿಲ್ಲ, ಆದರೆ ಕೋಶಗಳು ಬದುಕಿದ್ದವು. ವಿಚಿತ್ರವೆಂದರೆ, ಈ ತಂತ್ರ ಪಕ್ಕಾ ಆದರೆ ರೋಗಿಯ ಸ್ವಂತ ಚರ್ಮದ ಅಗತ್ಯವೇ ಬೀಳುವುದಿಲ್ಲ. ಯಾರದೋ ಒಂದು ಆಕರ ಕೋಶವನ್ನು ಒಮ್ಮೆ ತಿದ್ದಿಟ್ಟುಕೊಂಡು ಸಾವಿರಾರು ಜನರಿಗೆ ಸಾಲುವಷ್ಟು ಬೆಳೆಸಬಹುದು. ನಮ್ಮ ಹುಡುಗಿಯಂಥವರಿಗೆ ಪರಿಹಾರ ಬರುವುದಾದರೆ ಈ ಕಡೆಯಿಂದ ಬಂದೀತು ಎಂಬುದು ನನ್ನ ಅಂದಾಜು.

ಸ್ವಂತ ಕೋಶ ನಿಜಕ್ಕೂ ಒದಗುವುದು, ಬೀಟಾ ಕೋಶದ ಮೇಲೆ ದೇಹಕ್ಕೆ ಹಗೆಯಿಲ್ಲದ ಮಧುಮೇಹಗಳಲ್ಲಿ. ವೋಲ್ಫ್ರಂ ಸಿಂಡ್ರೋಮ್ ಎಂಬ ಅಪರೂಪದ ಕಾಯಿಲೆಯಲ್ಲಿ ಒಂದೇ ವಂಶವಾಹಿಯ ದೋಷದಿಂದ ಮಧುಮೇಹವೂ ದೃಷ್ಟಿನಾಶವೂ ಬರುತ್ತವೆ. ಸೇಂಟ್ ಲೂಯಿಸಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ರಿ ಮಿಲ್‌ಮನ್ ಮತ್ತು ಸಂಗಡಿಗರು ಅಂಥ ರೋಗಿಯ ಚರ್ಮದ ಕೋಶಗಳಿಂದ ಐಪಿಎಸ್ ಕೋಶಗಳನ್ನು ಮಾಡಿ, ದೋಷವನ್ನು ಕ್ರಿಸ್ಪರ್‌ನಿಂದ ತಿದ್ದಿ, ಬೀಟಾ ಕೋಶಗಳನ್ನಾಗಿಸಿ ಮಧುಮೇಹಿ ಇಲಿಗಳಲ್ಲಿಟ್ಟರು. ಇಲಿಗಳ ಸಕ್ಕರೆ ಹತೋಟಿಗೆ ಬಂತು. 2020ರಲ್ಲಿ ಇದು ಪ್ರಕಟವಾದಾಗ ನಮ್ಮ ಗುಂಪಿಗೆ ಬಂದದ್ದು ಎಲ್ಲ ಮಧುಮೇಹಿಗಳಿಗೂ ಸಂಬಂಧಿಸಿದ ಸುದ್ದಿಯಾಗಿ.

ದಕ್ಷಿಣ ಭಾರತದ ಮಟ್ಟಿಗೆ ನನಗೆ ನೆನಪಾಗುವುದು ಇನ್ನೊಂದು ಗುಂಪು. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಳು ಬೆಳೆದು, ಗ್ರಂಥಿ ಗಟ್ಟಿಕಟ್ಟಿ, ದ್ವೀಪಗಳೂ ಅದರೊಂದಿಗೆ ಹಾಳಾಗಿ ಬರುವ ಮಧುಮೇಹವನ್ನು ಕೇರಳದ ವೈದ್ಯರು ದಶಕಗಳಿಂದ ದಾಖಲಿಸಿದ್ದಾರೆ. ತಮಿಳುನಾಡಿನಲ್ಲೂ ಅದರ ಅಧ್ಯಯನ ಬಹಳ ನಡೆದಿದೆ. ಇವರಲ್ಲಿ ಬೀಟಾ ಕೋಶ ಸಾಯುವುದು ಗ್ರಂಥಿಯ ನಾಶದಿಂದಲೇ ಹೊರತು ನಿರೋಧಕ ವ್ಯವಸ್ಥೆಯ ದಾಳಿಯಿಂದಲ್ಲ. ಉರಿಯೂತದ ನೋವು ತಾಳಲಾರದೆ ಗ್ರಂಥಿಯನ್ನೇ ತೆಗೆಸಿಕೊಳ್ಳುವವರ ಕತೆಯೂ ಹಾಗೆಯೇ. ತೆಗೆದ ಗ್ರಂಥಿಯಿಂದ ದ್ವೀಪಗಳನ್ನು ಬೇರ್ಪಡಿಸಿ ಅದೇ ರೋಗಿಯ ಯಕೃತ್ತಿನಲ್ಲಿ ನೆಲೆಗೊಳಿಸುವ ಪದ್ಧತಿ 1977ರಲ್ಲಿ ಮಿನ್ನೆಸೋಟದಲ್ಲೇ ಆರಂಭವಾಯಿತು, ಅಲ್ಲಿ ತಿರಸ್ಕಾರವನ್ನು ತಡೆಯುವ ಔಷಧಿ ಬೇಕಾಗುವುದಿಲ್ಲ. ಸ್ವಂತ ಚರ್ಮದಿಂದ ದ್ವೀಪ ಬೆಳೆಸುವ ವಿದ್ಯೆಗೆ ಇಂಥವರೇ ಸರಿಯಾದ ಹಕ್ಕುದಾರರು. ಆದರೆ ಇವರ ಹೆಸರು ಯಾವ ತಲೆಬರಹದಲ್ಲೂ ಬರುವುದಿಲ್ಲ. ಕಲ್ಲಿನ ಮಧುಮೇಹದವರಲ್ಲಿ ಬಡವರೇ ಹೆಚ್ಚೆಂಬುದು ಇದಕ್ಕೆ ಒಂದು ಕಾರಣವಿದ್ದೀತು.

ಹಣದ ಮಾತು ಬಂದದ್ದರಿಂದ ಹೇಳುತ್ತೇನೆ. ಒಬ್ಬೊಬ್ಬ ರೋಗಿಗೂ ಅವರದೇ ಕೋಶದಿಂದ ತಯಾರಿಸುವುದೆಂದರೆ ಪ್ರತಿಯೊಬ್ಬರಿಗೂ ಒಂದು ಸಣ್ಣ ಕಾರ್ಖಾನೆ ನಡೆಸಿದ ಹಾಗೆ. ತಿಂಗಳುಗಟ್ಟಲೆ ಬೆಳೆಸಬೇಕು, ಪ್ರತಿ ಕಂತನ್ನೂ ಗಡ್ಡೆಯ ಸಂಭವಕ್ಕಾಗಿ, ವರ್ಣತಂತುಗಳ ದೋಷಕ್ಕಾಗಿ ಪರೀಕ್ಷಿಸಬೇಕು, ಕೊನೆಯ ಹಂತದಲ್ಲಿ ಕೆಟ್ಟರೆ ಮೊದಲಿನಿಂದ ಆರಂಭಿಸಬೇಕು. ಬೆಂಗಳೂರಿನ ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ಮಾನವ ಇನ್ಸುಲಿನ್ ತಯಾರಿಸಿ ಮಾರುಕಟ್ಟೆಗೆ ಬಿಡಲು ಸಾಧ್ಯವಾದದ್ದು ಒಂದೇ ಯೀಸ್ಟ್ ತಳಿಯನ್ನು ದೊಡ್ಡ ತೊಟ್ಟಿಗಳಲ್ಲಿ ಬೆಳೆಸಿ ಎಲ್ಲರಿಗೂ ಹಂಚಲು ಬರುತ್ತದೆ ಎಂಬ ಕಾರಣಕ್ಕೆ. ಕೋಶ ಚಿಕಿತ್ಸೆಯೂ ಅಗ್ಗವಾಗಬೇಕಾದರೆ ಹಾಗೆಯೇ ಒಂದು ಮೂಲದಿಂದ ಬಹಳ ಜನರಿಗೆ ತಯಾರಾಗಬೇಕು.

ಕೊನೆಗೆ ನಮ್ಮಲ್ಲಿನ ಸ್ಥಿತಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಸಮೀಕ್ಷೆಯ ಪ್ರಕಾರ ಭಾರತದಲ್ಲಿ 10 ಕೋಟಿಗೂ ಹೆಚ್ಚು ಮಧುಮೇಹಿಗಳಿದ್ದಾರೆ. ಅವರಲ್ಲಿ ಹೆಚ್ಚಿನವರದು ಟೈಪ್ 2, ಅಲ್ಲಿ ಮೊದಲ ತೊಡಕು ದೇಹ ಇನ್ಸುಲಿನ್ನಿಗೆ ಸರಿಯಾಗಿ ಸ್ಪಂದಿಸದಿರುವುದು. ಅವರ ಪೈಕಿ ಬಹುತೇಕರಿಗೆ ಹೊಸ ಬೀಟಾ ಕೋಶದ ಮಾತು ಸದ್ಯಕ್ಕೆ ಅನ್ವಯಿಸುವುದಿಲ್ಲ. ಆದರೂ ಸ್ಟೆಮ್ ಸೆಲ್ ಹಾಕಿ ಶುಗರ್ ವಾಸಿ ಮಾಡುತ್ತೇವೆ ಎಂಬ ಜಾಹೀರಾತುಗಳು ಮುಖ್ಯವಾಗಿ ಗುರಿಯಿಡುವುದು ಅವರನ್ನೇ. ನಮ್ಮ ಅಕ್ಕ ಭಾವನಿಗೂ ಒಂದು ಕ್ಲಿನಿಕ್ಕಿನವರು ಫೋನ್ ಮಾಡಿ, ಲಕ್ಷಗಳ ಲೆಕ್ಕದಲ್ಲಿ ಪ್ಯಾಕೇಜ್ ವಿವರಿಸಿ, ಮುಂಗಡ ಕಟ್ಟಿದರೆ ರಿಯಾಯಿತಿ ಎಂದಿದ್ದರು. ಐಸಿಎಂಆರ್ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ 2017ರ ಮಾರ್ಗಸೂಚಿಗಳ ಪ್ರಕಾರ, ರಕ್ತದ ಕೆಲವು ಕಾಯಿಲೆಗಳಂಥ ಒಪ್ಪಿತ ಉಪಯೋಗಗಳನ್ನು ಬಿಟ್ಟರೆ ಆಕರ ಕೋಶಗಳನ್ನು ರೋಗಿಗಳಲ್ಲಿ ಬಳಸಲು ಅವಕಾಶವಿರುವುದು ಅನುಮತಿ ಪಡೆದ ವೈದ್ಯಕೀಯ ಪ್ರಯೋಗಗಳಲ್ಲಿ ಮಾತ್ರ. ಅಂಥ ಪ್ರಯೋಗಗಳು ಸಿಟಿಆರ್‌ಐ ಎಂಬ ಸರ್ಕಾರಿ ದಾಖಲೆಯಲ್ಲಿ ನೋಂದಣಿಯಾಗಿರಬೇಕು. ಆ ದಾಖಲೆಯನ್ನು ಯಾರು ಬೇಕಾದರೂ ಇಂಟರ್ನೆಟ್ಟಿನಲ್ಲಿ ತೆರೆದು ನೋಡಬಹುದು. ಭಾವ ನೋಂದಣಿ ಸಂಖ್ಯೆ ಕೊಡಿ ಎಂದು ಕೇಳಿದ ಮೇಲೆ ಆ ಕ್ಲಿನಿಕ್ಕಿನ ಫೋನ್ ಮತ್ತೆ ಬರಲಿಲ್ಲ.